ಅಪ್‌ಡೇಟ್: ರೆವಿಟ್ ಪ್ಲಾನಿನಲ್ಲಿ ಗಿಡ್ಡ ಗೋಡೆ ಕಟ್ ಆಗಿ ಕಾಣದ ಸಮಸ್ಯೆ

ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಟ್ಟಡದ ನಕ್ಷೆ ಮಾಡುವ ಸಾಫ್ಟ್‌ವೇರ್ ರೆವಿಟ್ ಬಗ್ಗೆ ನನ್ನ ಪ್ರಶ್ನೆ ಎರಡಿತ್ತು. ಕಟ್ ಪ್ಲೇನ್ (ಪ್ಲಾನಿಗಾಗಿ ಕಟ್ಟಡವನ್ನು ಅಡ್ಡಲಾಗಿ ಕತ್ತರಿಸಿದಂತೆ ತೋರಿಸುವ ಮಟ್ಟ) 1200 ಮಿ.ಮೀ.ನಲ್ಲಿದ್ದರೂ ಟಾಯ್ಲೆಟ್ಟಿನ 1500 ಮಿ.ಮೀ. ಎತ್ತರದ ಗೋಡೆಗೆ ದಪ್ಪ ಗೆರೆ, ಹ್ಯಾಚ್ (ಒಳಗೆ ತುಂಬುವ ಗುರುತು) ಯಾಕೆ ಬರಲ್ಲ? ಸೆಕ್ಷನ್ನಿನಲ್ಲಿ (ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ನಕ್ಷೆ) ಸ್ಲ್ಯಾಬ್ ಮತ್ತು ಗೋಡೆ ಸೇರುವ ಕಡೆ ಗೆರೆ ಯಾಕೆ ಉಳಿಯುತ್ತದೆ?

ಮೊದಲನೆಯದು ಬಗ್ ಅಲ್ಲ, ರೆವಿಟ್‌ನ ನಿಯಮ. ಸುಮಾರು 2 ಮೀಟರ್‌ಗಿಂತ ಗಿಡ್ಡ ಗೋಡೆಯನ್ನು ಅದು ಪ್ಲಾನಿನಲ್ಲಿ ಕತ್ತರಿಸುವುದೇ ಇಲ್ಲ, ಮೇಲಿಂದ ನೋಡಿದಂತೆ ತೋರಿಸುತ್ತದೆ. ಕಟ್ ಪ್ಲೇನ್ ಗೋಡೆಯ ಮಧ್ಯೆ ಹಾದುಹೋದರೂ ಅಷ್ಟೇ. ಹಾಗಾಗಿ ಆ ಗೋಡೆಗೆ ಬೇರೆ ವಾಲ್ ಟೈಪ್ (ಗೋಡೆಯ ವಿಧ) ಮಾಡಿದೆ. ವಿಸಿಬಿಲಿಟಿ ಗ್ರಾಫಿಕ್ಸ್‌ನಲ್ಲಿ (ನಕ್ಷೆಯಲ್ಲಿ ಯಾವುದು ಹೇಗೆ ಕಾಣಬೇಕು ಅನ್ನೋ ಸೆಟ್ಟಿಂಗ್) ಆ ಟೈಪಿನ ಹೆಸರಿಗೆ ಫಿಲ್ಟರ್ ಹಾಕಿ, ಪ್ರೊಜೆಕ್ಷನ್ ಗೆರೆ (ಕತ್ತರಿಸದೆ ಕಾಣುವ ಭಾಗದ ಗೆರೆ) ದಪ್ಪ ಮಾಡಿ, ಸರ್ಫೇಸ್ ಪ್ಯಾಟರ್ನಿಗೆ ಬೂದು ಬಣ್ಣ ಕೊಟ್ಟೆ. ಈಗ ಪ್ರಿಂಟಿನಲ್ಲಿ ಬೇರೆ ಗೋಡೆಗಳ ಜೊತೆ ಚೆನ್ನಾಗಿ ಹೊಂದುತ್ತದೆ. ಫಿಲ್ಟರನ್ನು ವ್ಯೂ ಟೆಂಪ್ಲೇಟ್‌ನಲ್ಲೇ (ಹಲವು ನಕ್ಷೆಗಳಿಗೆ ಒಟ್ಟಿಗೆ ಅನ್ವಯಿಸುವ ಸೆಟ್ಟಿಂಗ್) ಹಾಕಿ, ಇಲ್ಲಾಂದ್ರೆ ಪ್ರತಿ ಮಹಡಿಗೂ ಅದೇ ಕೆಲಸ ಮತ್ತೆ ಮಾಡಬೇಕು.

ಸೆಕ್ಷನ್ನಿನ ಗೆರೆ ಜಾಯಿನ್ ಜಿಯೋಮೆಟ್ರಿಯಿಂದ (ತಾಗಿರುವ ಭಾಗಗಳನ್ನು ಸೇರಿಸುವ ಕಮಾಂಡ್) ಹೋಯಿತು. ಆದರೆ ಸ್ಲ್ಯಾಬ್, ಗೋಡೆ ಎರಡಕ್ಕೂ ಒಂದೇ ಕಾಂಕ್ರೀಟ್ ಮೆಟೀರಿಯಲ್ ಇರಲೇಬೇಕು. ಹೆಸರು ಬೇರೆ ಇದ್ದರೆ, ಹ್ಯಾಚ್ ಒಂದೇ ಆದರೂ ಗೆರೆ ಹಾಗೇ ಉಳಿಯುತ್ತದೆ. ಇಟ್ಟಿಗೆ ಗೋಡೆ ಇದ್ದ ಕಡೆ ಆ ಗೆರೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿ ಅದು ಇರಬೇಕು ಅಲ್ವಾ, ಸೈಟಿನವರು ಸ್ಲ್ಯಾಬ್ ಎಲ್ಲಿಗೆ ಮುಗಿಯುತ್ತದೆ ಅಂತ ನೋಡುವುದೇ ಅದರಿಂದ.