ಅಪ್‌ಡೇಟ್: ಮಳೆಯಲ್ಲಿ ಹಿಡಿಯದ ಸೈಕಲ್ ಬ್ರೇಕ್ ಸರಿಹೋಯಿತು

ಮಂಗಳೂರಿನ ಬಾವುಟಗುಡ್ಡೆಯಿಂದ ಹಂಪನಕಟ್ಟೆಗೆ ಇಳಿಯುವಾಗ ಮಳೆ ಬಂದರೆ ನನ್ನ ಸೈಕಲ್ಲಿನ ಬ್ರೇಕ್ ಹಿಡಿಯುವುದೇ ಇಲ್ಲ, ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ. ಈಗ ಚೆನ್ನಾಗಿ ಹಿಡಿಯುತ್ತಿದೆ.

ಕೇಬಲ್ ಬಿಗಿ ಮಾಡಿದ್ದರಿಂದ ಪ್ರಯೋಜನವಾಗಲಿಲ್ಲ. ಕೈಹಿಡಿದದ್ದು ಬ್ರೇಕ್ ರಬ್ಬರ್ ಬಿಚ್ಚಿ ನೋಡಿ ಎಂದವರ ಸಲಹೆ. ರಬ್ಬರಿನೊಳಗೆ ನಮ್ಮೂರಿನ ಕೆಂಪು ಮಣ್ಣಿನ ಹರಳುಗಳ ಜೊತೆ ಅಲ್ಯೂಮಿನಿಯಂ ಚೂರುಗಳೂ ಹೊಳೆಯುತ್ತಿದ್ದವು! ಸೂಜಿಯಿಂದ ಒಂದೊಂದಾಗಿ ಕಿತ್ತು, ರಬ್ಬರನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ರಿಮ್ಮನ್ನು ಒರೆಸಿದೆ. ಆ ಚೂರುಗಳು ರಿಮ್ಮಿನದ್ದೇ ಎಂಬುದು ನನಗೆ ಹೊಸ ವಿಷಯ. ಹಾಗಾಗಿ ಬ್ರೇಕ್ ಒತ್ತಿದಾಗ ಕರಕರ ಸದ್ದು ಬಂದರೆ ದಯವಿಟ್ಟು ತಡಮಾಡಬೇಡಿ, ರಿಮ್ ಸವೆಯುತ್ತಿರಬಹುದು.

ರಿಮ್ಮಿನ ನೀರು ಹೋಗಲು ಇಳಿಜಾರಿಗೆ ಮುಂಚೆಯೇ ಬ್ರೇಕನ್ನು ಹಗುರವಾಗಿ ಒತ್ತಿ ಎಂದವರಿಗೂ ಧನ್ಯವಾದ, ಅದೂ ಫಲ ಕೊಟ್ಟಿತು. ಹೊಸ ರಬ್ಬರ್ ಕೊಳ್ಳುವ ಅಗತ್ಯವೇ ಬೀಳಲಿಲ್ಲ.