ಕುಳಾಗರದಲ್ಲಿ ಕೊಳೆ ರೋಗ: ಬೋರ್ಡೋ ಹೊಡೆದರೂ ಅಡಿಕೆ ಉದುರುತ್ತಿದೆ

ಪ್ರಶ್ನೆ, ಗೋವಾದ ಫೋಂಡಾದಿಂದ:
ನಾನು ಶಿರಸಿ ಕಡೆಯವಳು. ಮದುವೆಯಾಗಿ ಇಲ್ಲಿನ ಕುಳಾಗರಕ್ಕೆ, ಅಂದರೆ ಅಡಿಕೆ ತೋಟಕ್ಕೆ, ಬಂದು 11 ವರ್ಷ. ಜುಲೈ ಶುರುವಿನಿಂದ ಎಳೆ ಅಡಿಕೆ ಉದುರುತ್ತಿದೆ. ತೊಟ್ಟಿನ ಹತ್ತಿರ ಕಡು ಹಸಿರು ಕಲೆ, ಆಮೇಲೆ ಬಿಳಿ ಬೂಸ್ಟು. ಮಳೆಗೆ ಮೊದಲೇ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಸಿದ್ದೆವು. ಮತ್ತೆ ಯಾಕೆ ಹೀಗೆ? ಬೆಳಿಗ್ಗೆ ತೋಟಕ್ಕೆ ಇಳಿಯಲು ಮನಸ್ಸೇ ಬರುತ್ತಿಲ್ಲ.

ಉತ್ತರ, ಸಾಂಗೇಯಿಂದ:
ಅಕ್ಕಾ, ಸುಣ್ಣ ಹೊಸದಿತ್ತಾ? 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ. ಆಮೇಲೆ ಹೊಳೆಯುವ ಕತ್ತಿ ಅದ್ದಿ ನೋಡಿ. ಕೆಂಪು ಕಟ್ಟಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ನಾನು ಪ್ರತಿ ಡ್ರಮ್ಮಿಗೂ ಕತ್ತಿ ಅದ್ದುತ್ತೇನೆ. ಮಾಡಿದ ದಿನವೇ ಮುಗಿಸಬೇಕು.

ಫೋಂಡಾದಿಂದ:
ಅಯ್ಯೋ, ಉಳಿದದ್ದನ್ನು ಮರುದಿನ ಹೊಡೆಸಿದೆವು. ಹಳ್ಳದ ಬದಿಯ ಮರಗಳಿಗೆ. ಉದುರುತ್ತಿರುವುದೂ ಅಲ್ಲೇ ಜಾಸ್ತಿ!

ಉತ್ತರ, ಕಾಣಕೋಣದಿಂದ:
ಹಾಗಾದರೆ ಅದೇ ಕಾರಣ ಇರಬಹುದು. ಬಿದ್ದ ಕಾಯಿಗಳನ್ನು ದಿನವೂ ಆರಿಸಿ ತೋಟದಿಂದ ಹೊರಗೆ ಹಾಕಿ. ಅವುಗಳಿಂದಲೂ ರೋಗ ಹರಡುತ್ತದೆ. ಮೊದಲ ಸಲ ಹೊಡೆದ 40–45 ದಿನಕ್ಕೆ ಎರಡನೆಯದು ಬೇಕೇ ಬೇಕು. ಮಳೆ ಬಿಡುವು ಕೊಟ್ಟ ದಿನ ನೋಡಿಕೊಂಡು ಗೊನೆ ಪೂರ್ತಿ ನೆನೆಯುವಂತೆ ಹೊಡೆಸಿ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರಿಗೆ ಈಗಲೇ ಹೇಳಿಡಿ.