‘ವಿಮೋಚಿಸು’ ಮತ್ತು ‘ಬಿಡಿಸಿಕೊಳ್ಳು’: ಕ್ರೈಸ್ತ ಪ್ರೇಮಕಾದಂಬರಿಗಳ ನಡುವೆ ಸಿಕ್ಕ ಒಂದು ಪದ

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದದ ಬಗ್ಗೆ ನಿಮ್ಮನ್ನು ಕೇಳಬೇಕಾಗಿದೆ. ಇಂಗ್ಲಿಷಿನ ‘ರಿಡೀಮ್’ ಎಂಬುದಕ್ಕೆ ನಮ್ಮ ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ‘ವಿಮೋಚಿಸು’ ಎನ್ನುವುದು ತಲೆಮಾರುಗಳ ರೂಢಿ. ಪ್ರಸಂಗದಲ್ಲಿ, ಪ್ರಾರ್ಥನೆಯಲ್ಲಿ ಅದನ್ನು ಕೇಳಿಕೊಂಡೇ ಬೆಳೆದವಳು ನಾನು. ಆದರೆ ಅದೇ ಪದವನ್ನು ಒಂದು ಕಥೆಯೊಳಗೆ ಕೂರಿಸಲು ಹೋದಾಗ ಅದು ಕೂರಲಿಲ್ಲ. ಯಾಕೆ ಕೂರಲಿಲ್ಲ ಎಂದು ಯೋಚಿಸುತ್ತಾ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಮ್ಮನಿಗೆ ಈಗ ಸಣ್ಣ ಅಕ್ಷರ ಕಾಣಿಸುವುದಿಲ್ಲ. ಇಂಗ್ಲಿಷ್ ಓದುವ ಅಭ್ಯಾಸ ಮೊದಲಿನಿಂದಲೂ ಇಲ್ಲ. ರಾತ್ರಿ ಊಟವಾದ ಮೇಲೆ ನಾನು ಓದಿದ ಕಾದಂಬರಿಗಳನ್ನು ಅವರಿಗೆ ಕನ್ನಡದಲ್ಲಿ ಹೇಳುತ್ತೇನೆ, ದಿನಕ್ಕೆ ಒಂದೋ ಎರಡೋ ಅಧ್ಯಾಯ. ಹೆಚ್ಚಿನವು ಅಮೆರಿಕ ಮತ್ತು ಕೆನಡಾದ ಕ್ರೈಸ್ತ ಲೇಖಕಿಯರ ಐತಿಹಾಸಿಕ ಪ್ರೇಮಕಾದಂಬರಿಗಳು. ಈ ಪ್ರಕಾರಕ್ಕೆ ಇಂದಿನ ರೂಪ ಬಂದದ್ದು ಕೆನಡಾದ ಜನೆಟ್ ಓಕ್ ಅವರ 1979ರ ಮೊದಲ ಕಾದಂಬರಿಯಿಂದ ಎನ್ನುತ್ತಾರೆ: ಹುಲ್ಲುಗಾವಲಿನ ಸೀಮೆ, ಗಂಡನನ್ನು ಕಳೆದುಕೊಂಡ ಹುಡುಗಿ, ಹೆಂಡತಿಯನ್ನು ಕಳೆದುಕೊಂಡ ರೈತ, ನಡುವೆ ಒಂದು ಪುಟ್ಟ ಮಗು. ಈಚಿನವರು ಆ ಹುಲ್ಲುಗಾವಲನ್ನು ದಾಟಿ ಬಹಳ ದೂರ ಬಂದಿದ್ದಾರೆ. 1871ರಲ್ಲಿ ಹೊತ್ತಿ ಉರಿದ ಷಿಕಾಗೋ, ವಲಸಿಗರು ಬಂದಿಳಿಯುತ್ತಿದ್ದ ಎಲ್ಲಿಸ್ ದ್ವೀಪ, ಎರಡನೆಯ ಮಹಾಯುದ್ಧದ ಆಸ್ಪತ್ರೆಗಳು. ನಾಯಕಿಯರಿಗೆ ಕೈತುಂಬ ಕೆಲಸವಿದೆ. ಕಾಲದ ವಿವರಗಳು ಗಟ್ಟಿಯಾಗಿವೆ. ನನಗೆ ಒಗ್ಗದಿರುವುದು ಒಂದೇ. ಕೆಲವರು ಮುನ್ನೂರು ಪುಟ ಶ್ರಮಪಟ್ಟು ಹಾಕಿದ ಗಂಟನ್ನು ಕೊನೆಯ ಹತ್ತು ಪುಟದಲ್ಲಿ ಒಂದು ಪ್ರಾರ್ಥನೆಯಿಂದ ಬಿಚ್ಚಿಬಿಡುತ್ತಾರೆ. ಪ್ರಾರ್ಥನೆಯಲ್ಲಿ ನನಗೆ ನಂಬಿಕೆ ಇದೆ, ಆ ಕಾರಣಕ್ಕೇ ಇದು ನೋಯಿಸುತ್ತದೆ. ಕ್ಷಮಿಸುವವರು ಏನನ್ನೂ ಕಳೆದುಕೊಳ್ಳದ ಕಥೆಯನ್ನು ಅಮ್ಮನೂ ಒಪ್ಪುವುದಿಲ್ಲ. “ಅವನಿಗೇನು ಖರ್ಚಾಯಿತು?” ಎಂದು ಕೇಳುತ್ತಾರೆ. ನನ್ನ ಪದದ ಪ್ರಶ್ನೆಗೆ ಬೇರು ಇಲ್ಲಿದೆ.

ಕಳೆದ ತಿಂಗಳು ಹೇಳುತ್ತಿದ್ದದ್ದು ಫ್ರಾನ್ಸೀನ್ ರಿವರ್ಸ್ ಅವರ 1991ರ ಕಾದಂಬರಿ. 2022ರಲ್ಲಿ ಅದು ಸಿನಿಮಾ ಕೂಡ ಆಯಿತು. ಬಿಟ್ಟುಹೋದ ಹೆಂಡತಿ ಗೋಮೆರಳನ್ನು ಮರಳಿ ಮನೆಗೆ ತಂದ ಬೈಬಲಿನ ಪ್ರವಾದಿ ಹೋಶೇಯನ ಕಥೆಯನ್ನು ಅವರು ಕ್ಯಾಲಿಫೋರ್ನಿಯಾದಲ್ಲಿ ಚಿನ್ನಕ್ಕಾಗಿ ಜನ ಮುಗಿಬಿದ್ದ 1850ರ ಹೊತ್ತಿಗೆ ಒಯ್ದಿದ್ದಾರೆ. ನಾಯಕಿ ಎಳೆಯ ವಯಸ್ಸಿನಲ್ಲೇ ಮಾರಾಟವಾಗಿ ವೇಶ್ಯಾಗೃಹ ಸೇರಿದವಳು. ನಾನು ಹೇಳಿದೆ: “ಹೋಶೇಯನು ಗೋಮೆರಳನ್ನು ವಿಮೋಚಿಸಿದ ಹಾಗೆ ಈ ನಾಯಕನೂ ಇವಳನ್ನು ವಿಮೋಚಿಸುತ್ತಾನೆ.”

ಅಮ್ಮ ಕೈ ಅಡ್ಡ ಮಾಡಿದರು. “ಅದು ಅಯ್ಯನವರ ಮಾತಾಯಿತು. ಹೋಶೇಯ ಮಾಡಿದ್ದೇನು, ಅದನ್ನು ಹೇಳು.”

“ಬೆಳ್ಳಿ, ಜವೆಗೋದಿ ಕೊಟ್ಟು ಮನೆಗೆ ಕರೆತಂದ.”

“ಹಾಗಾದರೆ ಬಿಡಿಸಿಕೊಂಡು ಬಂದ ಎನ್ನು.”

ಅಮ್ಮನ ಬಾಯಲ್ಲಿ ಆ ಮಾತನ್ನು ನಾನು ಹಿಂದೆ ಒಂದು ಸಲ ಕೇಳಿದ್ದೆ. ನನ್ನನ್ನು ಕಾಲೇಜಿಗೆ ಸೇರಿಸಿದ ವರ್ಷ ಅವರ ಎರಡು ಬಳೆಗಳು ಅಡವಿಗೆ ಹೋದವು. ಮೂರು ವರ್ಷ ಬರಿಗೈಯಲ್ಲಿ ಸಭೆಗೆ ಹೋಗುತ್ತಿದ್ದರು, ಸೆರಗನ್ನು ಮುಂಗೈಯ ಮೇಲೆ ಎಳೆದುಕೊಂಡು. ಒಂದು ಶನಿವಾರ ಮಧ್ಯಾಹ್ನ ಬಂದು ಬಟ್ಟೆಯ ಚೀಲದಿಂದ ಬಳೆ ತೆಗೆದು ಅಂಟುವಾಳದ ನೀರಿನಲ್ಲಿ ತೊಳೆದರು. ತಿಳಿಗೆಂಪು ಬಣ್ಣದ ರಸೀದಿಯನ್ನು ಒಲೆಗೆ ಹಾಕಿದರು. ಅಪ್ಪನಿಗೆ ಹೇಳಿದ್ದು ಇಷ್ಟೇ: “ಬಿಡಿಸಿಕೊಂಡು ಬಂದೆ.” ಆ ಒಂದು ಮಾತಿನಲ್ಲಿ ಏನೇನು ಇದೆ ನೋಡಿ. ವಸ್ತು ಮೊದಲಿನಿಂದಲೂ ನಮ್ಮದು. ಕಷ್ಟ ಬಂದು ಪರರ ಕೈ ಸೇರಿತ್ತು. ಬೆಲೆ ತೆತ್ತದ್ದಾಯಿತು, ಬಡ್ಡಿ ಸಮೇತ. ಈಗ ಅದು ಮನೆಯಲ್ಲಿದೆ.

‘ರಿಡೀಮ್’ ಎಂಬುದರ ಒಳಗಿರುವುದೂ ಇದೇ. ಅದರ ಲ್ಯಾಟಿನ್ ಮೂಲದಲ್ಲಿ ‘ಮರಳಿ’ ಎಂಬ ಅರ್ಥದ ಉಪಸರ್ಗವೂ ‘ಎಮೆರೆ’ ಎಂಬ ಧಾತುವೂ ಸೇರಿವೆ. ಆ ಧಾತುವಿಗೆ ಮೊದಲು ‘ತೆಗೆದುಕೊಳ್ಳು’ ಎಂಬ ಅರ್ಥವಿತ್ತು, ಆಮೇಲೆ ‘ಬೆಲೆಗೆ ಕೊಳ್ಳು’ ಎಂದಾಯಿತು. ನಮ್ಮ ‘ಕೊಳ್ಳು’ ಕೂಡ ಈ ಎರಡನ್ನೂ ಒಟ್ಟಿಗೆ ಹೊತ್ತ ಧಾತು: ತೆಗೆದುಕೊಳ್ಳುವುದೂ ಅದೇ, ಅಂಗಡಿಯಲ್ಲಿ ಕೊಳ್ಳುವುದೂ ಅದೇ. ‘ಬಿಡಿಸಿಕೊಳ್ಳು’ ಎಂದಾಗ ಅದು ಸಹಾಯಕ ಕ್ರಿಯಾಪದವಾಗಿ ಬಾಲದಲ್ಲಿ ಕುಳಿತಿದೆ, ನಿಜ. ಆದರೂ ಅಡವಿನ ಸಂದರ್ಭದಲ್ಲಿ ಹಳೆಯ ಅರ್ಥದ ಕಾವು ಅದರಲ್ಲಿ ಇನ್ನೂ ಉಳಿದಿದೆ ಎಂದು ನನ್ನ ಕಿವಿಗೆ ಅನಿಸುತ್ತದೆ. ವ್ಯಾಕರಣ ಬಲ್ಲವರು ಇದನ್ನು ಒಪ್ಪುವಿರಾ?

‘ವಿಮೋಚನೆ’ಯಲ್ಲಿ ಈ ಬೆಲೆ ಇಲ್ಲ. ಅದರ ಮೂಲವಾದ ಸಂಸ್ಕೃತದ ‘ಮುಚ್’ ಧಾತು ಬಿಚ್ಚುವುದನ್ನು ಹೇಳುತ್ತದೆ, ತೆರುವುದನ್ನು ಹೇಳುವುದಿಲ್ಲ. ಕನ್ನಡ ಸತ್ಯವೇದದ, ಅಂದರೆ ಬೈಬಲಿನ, ಎರಡನೆಯ ಪುಸ್ತಕದ ಹೆಸರೇ ವಿಮೋಚನಕಾಂಡ. ಐಗುಪ್ತದಿಂದ (ಈಜಿಪ್ಟಿನಿಂದ) ಒಂದಿಡೀ ಜನಾಂಗ ಹೊರಟುಬಂದ ಕಥೆ ಅದು, ಅಲ್ಲಿನ ಅರಸ ಫರೋಹನಿಗೆ ಯಾರೂ ಹಣ ಎಣಿಸಿಕೊಡಲಿಲ್ಲ. ಅಲ್ಲಿ ಆ ಪದ ಬಹಳ ಸರಿಯಾಗಿದೆ. ಸಭೆಯ ಹೊರಗೂ ಅದಕ್ಕೆ ಅದೇ ದೊಡ್ಡ ಹರವು: ಗೋವಾ ವಿಮೋಚನೆ, ಕಲಬುರಗಿ ಕಡೆಯವರ ಸೆಪ್ಟೆಂಬರ್ 17ರ ವಿಮೋಚನಾ ದಿನ. ಬಾವುಟ, ಸೈನ್ಯ, ಮೆರವಣಿಗೆ ಕಣ್ಣಮುಂದೆ ಬರುತ್ತವೆ. ಹೋಶೇಯನ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ಅದಾವುದೂ ಇಲ್ಲ. 15 ಶೆಕೆಲ್ ಬೆಳ್ಳಿ, ಒಂದೂವರೆ ಹೋಮೆರ್ ಜವೆಗೋದಿ. ವಿಮೋಚನಕಾಂಡದಲ್ಲೇ ಎತ್ತು ತಿವಿದು ಸತ್ತ ಆಳಿನ ಬೆಲೆ 30 ಶೆಕೆಲ್ ಎಂದಿದೆ. ಅರ್ಧ ಬೆಳ್ಳಿ, ಉಳಿದದ್ದಕ್ಕೆ ಧಾನ್ಯ ಅಳೆದನೇನೋ ಎಂದು ಓದುವಾಗಲೆಲ್ಲ ಅನಿಸುತ್ತದೆ. ಕೈಯಲ್ಲಿ ಇದ್ದಬದ್ದದ್ದನ್ನೆಲ್ಲ ಸುರಿದು ತನ್ನ ಹೆಂಡತಿಯನ್ನೇ ಕೊಂಡುತಂದವನ ಕೆಲಸಕ್ಕೆ ಬೇಕಾದದ್ದು ಅಡವಿನಂಗಡಿಯ ಕ್ರಿಯಾಪದ.

ಬೈಬಲಿನಲ್ಲಿ ವಿಧವೆ ರೂತಳ ಪುಸ್ತಕದಲ್ಲೂ ಹೀಗೆಯೇ. ಬೋವಜನೆಂಬ ನೆಂಟ ಊರ ಬಾಗಿಲಲ್ಲಿ ಹಿರಿಯರನ್ನು ಕೂರಿಸಿಕೊಂಡು ಮಾತಾಡುವುದು ಅವಳ ಅತ್ತೆ ನೊವೊಮಿಯ ಕೈತಪ್ಪಲಿರುವ ಹೊಲದ ಬಗ್ಗೆ. ಇನ್ನೂ ಹತ್ತಿರದ ನೆಂಟನೊಬ್ಬ ಒಲ್ಲೆನೆಂದು, ಹಕ್ಕು ಬಿಟ್ಟ ಗುರುತಿಗೆ ಕೆರ ಕಳಚಿ ಕೊಡುತ್ತಾನೆ, ವ್ಯವಹಾರ ಕುದುರುತ್ತದೆ. ಮೂಲ ಹೀಬ್ರೂವಿನಲ್ಲಿ ಹಾಗೆ ಬಿಡಿಸಿಕೊಳ್ಳುವ ನೆಂಟನಿಗೆ ‘ಗೋಏಲ್’ ಎಂಬ ಹೆಸರಿದೆ. ನಾನು ಓದಿದ ಈ ಬಗೆಯ ಕಾದಂಬರಿಗಳಲ್ಲಿ ಎಷ್ಟೋ ಈ ಬೋವಜನ ಮೊಮ್ಮಕ್ಕಳಂತಿವೆ: ಸಾಲಕ್ಕೆ ಬಿದ್ದ ತೋಟದ ಮನೆ, ಒಬ್ಬಳೇ ಉಳಿದ ಹೆಣ್ಣು, ದೂರದ ಸಂಬಂಧದ ಮಿತಭಾಷಿ ಗಂಡಸು.

ನೆರೆಯ ಭಾಷೆಗಳಲ್ಲಿ ಏನಾಗಿದೆ ಎಂದು ನೋಡಿದೆ. ತಮಿಳು ಕ್ರೈಸ್ತರು ಯೇಸುವನ್ನು ‘ಮೀಟ್ಪರ್’ ಎನ್ನುತ್ತಾರೆ. ಅಡವಿಟ್ಟ ಒಡವೆಯನ್ನು ಬಿಡಿಸುವುದಕ್ಕೂ ಅವರಲ್ಲಿ ಅದೇ ಧಾತು. ಕೊಂಕಣಿಯ ಕಥೋಲಿಕರಲ್ಲಿ ‘ಸೊಡ್ವಣ್ದಾರ್’ ಎಂಬ ಪದವಿದೆ, ಬಿಡು ಎಂಬರ್ಥದ ಮನೆಮಾತಿನ ಕ್ರಿಯೆಯಿಂದಲೇ ಹುಟ್ಟಿದ್ದು. ತೆಲುಗು ಮತ್ತು ಕನ್ನಡ ಸಂಸ್ಕೃತದ ವಿಮೋಚನೆಯ ಕಡೆ ತಿರುಗಿದವು. ನಮ್ಮ ಹಳೆಯ ಭಾಷಾಂತರಕಾರರನ್ನು ನಾನು ದೂರುತ್ತಿಲ್ಲ. ಅವರ ಋಣದಲ್ಲಿ ಬೆಳೆದವಳು ನಾನು. ಆದರೆ ಒಂದು ತಮಿಳು ಮನೆಯಲ್ಲಿ ಚಿನ್ನದಂಗಡಿಯಿಂದ ಬಂದ ತಾಯಿ ಆಡುವ ಮಾತೂ ಭಾನುವಾರದ ಮಾತೂ ಒಂದೇ ಆಗಿರುವುದನ್ನು ಕಂಡಾಗ, ನಮಗೂ ಅದು ಸಿಗಬಹುದಿತ್ತಲ್ಲ ಎನಿಸುತ್ತದೆ.

ಈಗ ಆಕ್ಷೇಪಗಳು. ಒಬ್ಬ ಗೆಳತಿ ಕೇಳಿದಳು: ಹೆಣ್ಣೇನು ಬಳೆಯೇ, ಬಿಡಿಸಿಕೊಂಡು ಬರಲು? ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಇಂಥ ಕಾದಂಬರಿಗಳ ಬಗ್ಗೆ ಅವುಗಳ ಓದುಗರಲ್ಲೇ ಇರುವ ತಕರಾರು ಇದು. ಕನ್ನಡದಲ್ಲಿ ಈ ಕ್ರಿಯೆ ಮನುಷ್ಯರಿಗೂ ಸಲ್ಲುತ್ತದೆ ಎಂಬುದು ನನ್ನ ಮೊದಲ ಉತ್ತರ: ಠಾಣೆಯಿಂದ ಮಗನನ್ನು ಬಿಡಿಸಿಕೊಂಡು ಬಂದರು, ಜೀತದಿಂದ ತಮ್ಮನನ್ನು ಬಿಡಿಸಿಕೊಂಡರು ಎನ್ನುತ್ತೇವೆ. ಅಲ್ಲಿ ಮಗನಾಗಲಿ ತಮ್ಮನಾಗಲಿ ಸರಕಾಗುವುದಿಲ್ಲ.

ಎರಡನೆಯ ಉತ್ತರವನ್ನು ಕಾದಂಬರಿಯೇ ಕೊಟ್ಟಿತು. ನಾಯಕ ಅವಳನ್ನು ಮದುವೆಯಾಗಿ ಮನೆಗೆ ಕರೆತರುತ್ತಾನೆ. ಅವಳು ಮತ್ತೆ ಮತ್ತೆ ಓಡಿಹೋಗುತ್ತಾಳೆ. ಕೊನೆಯ ಬಾರಿ ಹೋದಾಗ ಅವನು ಹುಡುಕಿಕೊಂಡು ಹೋಗುವುದಿಲ್ಲ. ವರ್ಷಗಳ ನಂತರ ಅವಳು ತಾನಾಗಿ ಹಿಂದಿರುಗುತ್ತಾಳೆ. ಇದನ್ನು ಅಮ್ಮನಿಗೆ ಹೇಳುವಾಗ ನನಗೆ ತಿಳಿಯದೆಯೇ ಬಾಯಿಗೆ ಬಂದ ಕ್ರಿಯಾಪದಗಳು ಮೂರು: ಮೊದಲು ಅವನು ಅವಳನ್ನು ಬಿಡಿಸಿಕೊಂಡ, ಆಮೇಲೆ ಅವಳ ಭಯವನ್ನು ಬಿಡಿಸಿದ, ಕೊನೆಗೆ ಅವಳನ್ನು ಬಿಟ್ಟ. ಒಂದೊಂದೇ ಪ್ರತ್ಯಯ ಕಳಚಿ ಬರಿಯ ಧಾತುವಿಗೆ ಬಂದು ನಿಂತಾಗ ಆ ಪ್ರೀತಿ ಪೂರ್ಣವಾಗಿತ್ತು. ನಾಲ್ಕುನೂರು ಪುಟಗಳ ನಡೆಯನ್ನು ನಮ್ಮ ಒಂದು ಧಾತು ಹೀಗೆ ಹಿಡಿದುಕೊಂಡದ್ದು ಕಂಡು ಆ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನಿಜವಾದ ತೊಡಕು ನಾಮಪದದಲ್ಲಿದೆ. ‘ಬಿಡುಗಡೆ’ ಎಂದರೆ ಜೈಲು ಅಥವಾ ಪುಸ್ತಕ ಬಿಡುಗಡೆ ಸಮಾರಂಭ. ಬೆಲೆ ಅಲ್ಲೂ ಇಲ್ಲ. ‘ಬಿಡಿಸಿಕೊಳ್ಳುವಿಕೆ’ ಬಾಯಲ್ಲಿ ತಿರುಗುವುದಿಲ್ಲ. ‘ಉದ್ಧಾರ’ ಒಳ್ಳೆಯ ಪದವಾಗಿತ್ತು, ಆದರೆ ಬೈಗುಳದಲ್ಲಿ ಸವೆದುಹೋಗಿದೆ. ‘ರಕ್ಷಣೆ’ ಬೇರೆಯೇ ಮಾತು, ಅಪಾಯದಿಂದ ಕಾಪಾಡಿದ್ದು. ‘ಒತ್ತೆ’, ‘ಸೆರೆ’, ‘ಅಡವು’ ಇವುಗಳಿಗೆ ವಿರುದ್ಧವಾದ, ಬೆಲೆ ತೆತ್ತು ಮರಳಿ ಪಡೆದದ್ದನ್ನು ಹೇಳುವ ಹೆಸರುಪದ ನಿಮ್ಮ ಸೀಮೆಯಲ್ಲಿ ಇದೆಯೇ? ಹೊಲ ಆಧಾರ ಮಾಡಿ ಬಿಡಿಸಿಕೊಳ್ಳುತ್ತಿದ್ದ ರೈತರ ಮನೆಗಳಲ್ಲಿ, ಹಳೆಯ ಕಾಗದಪತ್ರಗಳಲ್ಲಿ ಏನಾದರೂ ಇರಲೇಬೇಕು ಎಂದು ನನ್ನ ಊಹೆ.

ಜೊತೆಗೆ ಇನ್ನೆರಡು ಚಿಕ್ಕ ಸಂಗತಿ. ಈ ಕಾದಂಬರಿಗಳಲ್ಲಿ ಮೇಲಿಂದ ಮೇಲೆ ಬರುವ, ಒಬ್ಬರಿಗೊಬ್ಬರು ಆಸರೆಯಾಗಲೆಂದು ಪ್ರೀತಿಗೆ ಮೊದಲೇ ಆಗುವ ಮದುವೆಗೆ ‘ಅನುಕೂಲದ ಮದುವೆ’ ಎಂಬ ಅನುವಾದ ನೋಡಿದ್ದೇನೆ. ಅದು ಸ್ವಾರ್ಥದ ವಾಸನೆ ಹೊಡೆಯುತ್ತದೆ. ‘ಆಸರೆಯ ಮದುವೆ’ ಎಂದರೆ ಹೇಗೆ? ಗಂಡ ತೀರಿಕೊಂಡವಳ ಮರುಮದುವೆಗೆ ನಮ್ಮಲ್ಲಿ ‘ಉಡಿಕೆ’, ‘ಕೂಡಿಕೆ’ ಎಂಬ ಪದಗಳಿವೆ, ಆದರೆ ಅವು ನಮ್ಮ ನೆಲದ ಕಟ್ಟುಪಾಡುಗಳಿಗೆ ಬಿಗಿದುಕೊಂಡಿವೆ. ಕೆನಡಾದ ಗೋದಿ ಹೊಲದಲ್ಲಿ ಅವನ್ನು ಬಳಸಲು ಮನಸ್ಸು ಬರುವುದಿಲ್ಲ.

ಇನ್ನೊಂದು ‘ಕೃಪೆ’. ಅರ್ಹತೆ ಇಲ್ಲದೆ ಸಿಗುವ ದೈವದಯೆ ಎಂದು ಎಷ್ಟು ವಿವರಿಸಿದರೂ ಪಕ್ಕದ ಮನೆಯ ಹುಡುಗನಿಗೆ ಅರ್ಥವಾಗಿರಲಿಲ್ಲ. “ಕೃಪಾಂಕ ಇದೆಯಲ್ಲ, ಗಣಿತದಲ್ಲಿ ನಿನ್ನನ್ನು ದಾಟಿಸಿದ್ದು, ಅದರಲ್ಲಿರುವ ಕೃಪೆಯೇ ಇದು” ಎಂದೆ. ತಟ್ಟನೆ ತಲೆಯಾಡಿಸಿದ. ಈ ಪದಕ್ಕೆ ಬೇರೆ ಅನುವಾದ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ.

‘ಒಲಿಸು’ ಎಂಬುದರ ಬಗ್ಗೆಯೂ ಕೇಳಬೇಕು. ಗಂಡು ಹೆಣ್ಣಿನ ಮನಸ್ಸು ಗೆಲ್ಲಲು ನಡೆಸುವ ಆ ಮರ್ಯಾದೆಯ ತಿಂಗಳುಗಟ್ಟಲೆಯ ಪ್ರಯತ್ನಕ್ಕೆ ನಮ್ಮಲ್ಲಿ ಬೇರೆ ಪದ ಸಿಗದೆ ನಾನು ಇದನ್ನೇ ಬಳಸುತ್ತಿದ್ದೇನೆ. ಬಸವಣ್ಣನವರ ‘ಕೂಡಲಸಂಗಮದೇವರನೊಲಿಸುವ ಪರಿ’ ಎಲ್ಲರ ನಾಲಿಗೆಯ ಮೇಲಿದೆ. ಅಲ್ಲಿ ಒಲಿಸುವವನು ಭಕ್ತ, ಒಲಿಯಬೇಕಾದವನು ದೇವರು. ಹೋಶೇಯನ ಎರಡನೆಯ ಅಧ್ಯಾಯದಲ್ಲಿ ದಿಕ್ಕು ತಿರುಗಿದೆ: ಬಿಟ್ಟುಹೋದವಳನ್ನು ಕಾಡಿಗೆ ಕರೆದೊಯ್ದು ಒಲಿಸಿಕೊಳ್ಳುವವನು ದೇವರು. ಕನ್ನಡದ ಹಳೆಯ ಕಾವ್ಯದಲ್ಲಿ, ದಾಸರ ಪದಗಳಲ್ಲಿ ದೇವರೇ ಮನುಷ್ಯರನ್ನು ‘ಒಲಿಸುವ’ ಪ್ರಯೋಗ ಇದ್ದರೆ ದಯವಿಟ್ಟು ಸಾಲು ಸಮೇತ ತಿಳಿಸಿ. ಸೋಮವಾರದಿಂದ ಅಮ್ಮನಿಗೆ ಹೊಸ ಕಾದಂಬರಿ ಶುರು ಮಾಡುವವಳಿದ್ದೇನೆ. ಅದರ ಮೊದಲ ಅಧ್ಯಾಯದಲ್ಲೇ ಒಂದು ಹೊಲ ಅಡವಿಗೆ ಹೋಗಿದೆ.